ಅಶ್ವಹೃದಯ, ಅಕ್ಷಹೃದಯ

ಕಡೂರು ಸೀಮೆಯಲ್ಲಿ ಕುದುರೆ ಪಂದ್ಯದ ಬಯಲಿಲ್ಲ. ಕಡೂರಿನದು ತೆಂಗು ಮತ್ತು ರಾಗಿ, ತರೀಕೆರೆಯದು ಅಡಿಕೆ, ಅಜ್ಜಂಪುರದ್ದು ಈರುಳ್ಳಿ ಮತ್ತು ಅಮೃತಮಹಲ್ ದನ. ಆದರೂ ಈ ಮೂರು ಊರುಗಳಲ್ಲಿ ಯಾವ ಜಗಲಿಯ ಮೇಲೆ ಕುಳಿತು ಕೇಳಿದರೂ, ಮನೆಮಾರು ಕಳೆದುಕೊಂಡವನ ಪ್ರಸ್ತಾಪ ಬಂದಾಗ “ದುಡ್ಡನ್ನೆಲ್ಲ ಕುದುರೆ ಬಾಲಕ್ಕೆ ಕಟ್ಟಿದ” ಎಂಬ ಮಾತು ಬಂದೇ ಬರುತ್ತದೆ. ಈ ನುಡಿಗಟ್ಟನ್ನು ಸ್ವಲ್ಪ ನಿಂತು ನೋಡಬೇಕು. ಕುದುರೆಗೆ ಕಟ್ಟಿದ ಎಂದಿಲ್ಲ, ಬಾಲಕ್ಕೆ ಕಟ್ಟಿದ ಎಂದಿದೆ. ಪಂದ್ಯದ ಕುದುರೆಯ ಮುಖ ಅದರ ಒಡೆಯನಿಗೆ ಗೊತ್ತು, ಸವಾರನಿಗೆ ಗೊತ್ತು, ಲಾಯದ ಆಳಿಗೆ ಗೊತ್ತು. ಹಣ ಕಟ್ಟಿ ದೂರ ನಿಂತವನಿಗೆ ಕಾಣುವುದು ಓಡಿಹೋದ ಬಾಲವೊಂದೇ. ಕುದುರೆ ಪಂದ್ಯದ ಲೋಕವನ್ನು ವಸ್ತುವಾಗಿ ಉಳ್ಳ ಪತ್ತೇದಾರಿ ಕಾದಂಬರಿಗಳನ್ನು ಕುರಿತು ನಾನು ಹೇಳಬೇಕೆಂದಿರುವುದರ ಅರ್ಧವನ್ನು ನಮ್ಮ ಮುದುಕಿಯರ ಈ ಮಾತೇ ಹೇಳಿಬಿಟ್ಟಿದೆ.

ಈ ಬಗೆಯ ಕಾದಂಬರಿಗಳ ಪರಿಚಯ ನನಗೆ ಆದದ್ದು ಕಾಲೇಜಿನಲ್ಲಲ್ಲ. 1990ರ ದಶಕದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ನಮ್ಮ ಬೀದಿಯಲ್ಲಿ ಇಂಗ್ಲಿಷ್ ಮೇಷ್ಟರೊಬ್ಬರಿದ್ದರು. ಪಾಠದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಶನಿವಾರ ಶಾಲೆ ಬಿಟ್ಟೊಡನೆ ಬೀರೂರಿಗೆ ಹೋಗಿ ಬೆಂಗಳೂರಿನ ರೈಲು ಹತ್ತುವರು. ಸೋಮವಾರ ಬೆಳಗಿಗೆ, ಕಣ್ಣು ಕೆಂಪಾಗಿ, ಹಿಂದಿರುಗುವರು. ಕೈಯಲ್ಲಿ ಯಾವಾಗಲೂ ಎರಡು ಪುಸ್ತಕ: ಪೆನ್ಸಿಲ್ ಗುರುತು ಹಾಕಿದ ರೇಸ್ ಪುಸ್ತಕ ಒಂದು, ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಇಂಗ್ಲಿಷ್ ಪತ್ತೇದಾರಿ ಇನ್ನೊಂದು. ಅಂಗಡಿಯ ಕಟ್ಟೆಯಿಂದ ಯಾರಾದರೂ “ಏನು ಮೇಷ್ಟ್ರೆ, ಕುದುರೆ ಗೆದ್ದಿತೆ?” ಎಂದು ಕೇಳಿದರೆ, “ಕುದುರೆ ಗೆದ್ದಿತಪ್ಪ, ನಾನು ಸೋತೆ” ಎಂದು ನಕ್ಕು ಮುಂದೆ ಹೋಗುವರು. ನಾನು ಓದಿದ ಮೊದಲ ಇಂಗ್ಲಿಷ್ ಕಾದಂಬರಿ ಅವರು ಕೊಟ್ಟದ್ದು: ಡಿಕ್ ಫ್ರಾನ್ಸಿಸ್ ಬರೆದ ‘ಫಾರ್ಫಿಟ್’. “ಇದರಿಂದ ವಾಕ್ಯ ಕಟ್ಟುವುದನ್ನು ಕಲಿ, ಬೇರೆ ಏನನ್ನೂ ಕಲಿಯಬೇಡ” ಎಂದು ಹೇಳಿ ಕೊಟ್ಟರು. ಕೆಲವು ವರ್ಷಗಳ ಮೇಲೆ ಅವರ ಮನೆ ಮಾರಾಟವಾಯಿತು. ಅವರ ಹೆಂಡತಿ ಮಕ್ಕಳನ್ನು ಕರೆದುಕೊಂಡು ತರೀಕೆರೆಯ ತವರಿಗೆ ಹೋದರು. ಮೇಷ್ಟರು ಇಂದು ಇಲ್ಲ. ಪುಸ್ತಕ ನನ್ನ ಬಳಿಯೇ ಉಳಿಯಿತು.

ಈಚೆಗೆ ಆ ಪುಸ್ತಕವನ್ನೂ ಅದರ ಸಂಗಡಿಗರನ್ನೂ ಮತ್ತೆ ಓದಿದೆ. ಓದುತ್ತ ಹೋದಂತೆ ಒಂದು ಪ್ರಶ್ನೆ ಕಾಡತೊಡಗಿತು. ಮೇಷ್ಟರು ಪ್ರೀತಿಸಿದ ಈ ಕಾದಂಬರಿಗಳಿಗೆ ಕುದುರೆಯ ವಿಷಯದಲ್ಲಿ ಗೊತ್ತಿಲ್ಲದ್ದಿಲ್ಲ. ಆದರೆ ಮೇಷ್ಟರ ವಿಷಯದಲ್ಲಿ ಅವುಗಳಿಗೆ ಏನು ಗೊತ್ತು?

ಇಂಗ್ಲಿಷಿನಲ್ಲಿ ಈ ಜಾತಿಯ ಕಥೆಗೆ ದೊಡ್ಡ ಹೆಸರು ತಂದದ್ದು ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ ‘ಸಿಲ್ವರ್ ಬ್ಲೇಜ್’. ಪಂದ್ಯದ ಮೆಚ್ಚಿನ ಕುದುರೆ ಕಾಣೆಯಾಗಿದೆ, ಅದರ ತರಬೇತುಗಾರ ತಲೆಯೊಡೆದು ಸತ್ತು ಬಿದ್ದಿದ್ದಾನೆ. ರಾತ್ರಿ ನಾಯಿ ಬೊಗಳಲಿಲ್ಲವೆಂಬ ಒಂದೇ ಸಂಗತಿಯಿಂದ ಷರ್ಲಾಕ್ ಹೋಮ್ಸ್ ಮರ್ಮವನ್ನು ಹಿಡಿಯುವುದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಕಥೆಯ ನಿಜವಾದ ಬಲ ನಾಯಿಯಲ್ಲಿಲ್ಲ, ಕುದುರೆಯಲ್ಲಿದೆ. ಸಾಲದಲ್ಲಿ ಮುಳುಗಿದ ತರಬೇತುಗಾರನೇ ತನ್ನ ಕುದುರೆ ಸೋಲಲೆಂದು, ಹೊರಗೆ ಗಾಯ ಕಾಣದ ಹಾಗೆ ಅದರ ಕಾಲಿನ ನರವನ್ನು ಸಣ್ಣ ಚೂರಿಯಿಂದ ಕುಯ್ಯಲು ಹೋದವನು. ಕುದುರೆ ಒದೆಯಿತು, ಅವನು ಸತ್ತ. ಸಾಕಿದ ಕೈಯೇ ಕೆಡಿಸಲು ಬಂದಾಗ ಪ್ರಾಣಿ ತಾನೇ ತೀರ್ಪು ಕೊಟ್ಟಿತು. ಹೀಗಿದ್ದೂ ಡಾಯ್ಲ್‌ಗೆ ಕುದುರೆ ಪಂದ್ಯದ ಕಟ್ಟುಕಟ್ಟಳೆಗಳು ತಿಳಿದಿರಲಿಲ್ಲ. ಆ ಕಥೆಯಲ್ಲಿ ತಮ್ಮ ಅಜ್ಞಾನ ಎದ್ದು ಕಾಣುತ್ತದೆಂದು ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅವರ ತರುವಾಯ ಬಂದ ಎಡ್ಗರ್ ವಾಲೆಸ್‌ಗೆ ಪಂದ್ಯದ ಹುಚ್ಚು ಬೇಕಾದಷ್ಟಿತ್ತು. ರಾಶಿ ರಾಶಿಯಾಗಿ ಬರೆದು ಗಳಿಸಿ, ಅದರಲ್ಲಿ ಬಹುಪಾಲನ್ನು ಕುದುರೆಗಳ ಮೇಲೂ ದುಂದಿನ ಮೇಲೂ ಕಳೆದು, 1932ರಲ್ಲಿ ಸಾಲ ಬಿಟ್ಟು ಸತ್ತರು. ಒಬ್ಬರು ಹೊರಗೆ ನಿಂತು ಬರೆದರು, ಇನ್ನೊಬ್ಬರು ಪ್ರೇಕ್ಷಕರ ಸಾಲಿನಲ್ಲಿ ನಿಂತು ಬರೆದರು. ಕುದುರೆಯ ಬೆನ್ನಿನ ಮೇಲೆ ಕುಳಿತು ಬರೆದವರು ಡಿಕ್ ಫ್ರಾನ್ಸಿಸ್.

ಅವರು ಹುಟ್ಟಿದ್ದು 1920ರಲ್ಲಿ, ವೇಲ್ಸಿನಲ್ಲಿ. ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟವರು. ಯುದ್ಧಕಾಲದಲ್ಲಿ ವಿಮಾನ ನಡೆಸಿ, ಆಮೇಲೆ ಬೇಲಿ ಹಾರುವ ಪಂದ್ಯಗಳ ವೃತ್ತಿಸವಾರರಾಗಿ 1953-54ರಲ್ಲಿ ಇಂಗ್ಲೆಂಡಿನ ಅಗ್ರಸವಾರರೆನಿಸಿದರು. 1956ರ ಮಾರ್ಚ್ ತಿಂಗಳ ‘ಗ್ರಾಂಡ್ ನ್ಯಾಷನಲ್’ ಪಂದ್ಯದಲ್ಲಿ ರಾಜಮಾತೆಯ ಕುದುರೆ ‘ಡೆವನ್ ಲಾಕ್’ ಅವರ ಕೈಯಲ್ಲಿತ್ತು. ಎಲ್ಲ ಬೇಲಿಗಳನ್ನೂ ದಾಟಿ, ಎಲ್ಲರನ್ನೂ ಹಿಂದೆ ಹಾಕಿ, ಗೆಲುವಿನ ಕಂಬ ಐವತ್ತು ಗಜವೂ ಇಲ್ಲವೆನ್ನುವಾಗ ಕುದುರೆ ಇಲ್ಲದ ಬೇಲಿಯನ್ನು ಹಾರುವಂತೆ ಮುಂಗಾಲೆತ್ತಿ ಹೊಟ್ಟೆಯ ಮೇಲೆ ಕುಸಿಯಿತು. ಏಕೆಂದು ಇಂದಿಗೂ ನಿರ್ಧಾರವಾಗಿಲ್ಲ. ಕಾಲು ಸೆಳೆಯಿತೆಂದರು, ಪಕ್ಕದ ಬೇಲಿಯ ನೆರಳು ಕಂಡಿತೆಂದರು. ಜನರ ಕೂಗಿಗೆ ಬೆದರಿತೆಂದು ಫ್ರಾನ್ಸಿಸ್ ನಂಬಿದ್ದರು. ಮರುವರ್ಷ ಸವಾರಿ ಬಿಟ್ಟು ಆತ್ಮಕಥೆ ಬರೆದರು, ಪತ್ರಿಕೆಯೊಂದಕ್ಕೆ ಹದಿನಾರು ವರ್ಷ ಪಂದ್ಯದ ವರದಿ ಬರೆದರು. 1962ರಲ್ಲಿ ಮೊದಲ ಕಾದಂಬರಿ ‘ಡೆಡ್ ಸರ್ಟ್’ ಬಂತು. 2010ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನಲವತ್ತಕ್ಕೆ ಮೀರಿ ಪುಸ್ತಕಗಳಾಗಿದ್ದವು. ಪತ್ನಿ ಮೇರಿ ಇವುಗಳಿಗೆ ಬೇಕಾದ ವಿವರಗಳನ್ನು ಹುಡುಕಿ ಕೊಡುತ್ತಿದ್ದರು; ಒಂದು ಕಾದಂಬರಿಗೆ ಬೇಕೆಂದು ತಾವೇ ವಿಮಾನ ನಡೆಸಲು ಕಲಿತವರು. ತನ್ನ ಜೀವನದ ದೊಡ್ಡ ಮರ್ಮವನ್ನು ಬಿಡಿಸಲಾರದೆ ಹೋದ ಮನುಷ್ಯ ಬಾಕಿ ಆಯುಷ್ಯವನ್ನೆಲ್ಲ ಬಿಡಿಸಬಹುದಾದ ಮರ್ಮಗಳನ್ನು ಹೆಣೆಯುವುದರಲ್ಲಿ ಕಳೆದನೆಂದರೆ ಅತಿಶಯೋಕ್ತಿಯಾಗಲಾರದು.

ಇವರ ಕಾದಂಬರಿಗಳ ಹೆಚ್ಚುಗಾರಿಕೆ ಎಲ್ಲಿದೆ? ಕೊಲೆಗಾರ ಯಾರೆಂಬ ಕೌತುಕದಲ್ಲಿ ಅಲ್ಲವೆಂದು ನನ್ನ ಅಭಿಪ್ರಾಯ. ಅಪರಾಧವು ಕಸುಬಿನ ಒಳಗಿನಿಂದಲೇ ಹುಟ್ಟುವುದರಲ್ಲಿದೆ. ‘ಡೆಡ್ ಸರ್ಟ್’ನಲ್ಲಿ ಬೇಲಿಯ ಮೇಲೆ ಅಡ್ಡಲಾಗಿ ಕಟ್ಟಿದ ತಂತಿಗೆ ಸಿಕ್ಕಿ ಕುದುರೆ ಉರುಳುತ್ತದೆ, ಸವಾರ ಸಾಯುತ್ತಾನೆ. ಎಲ್ಲರಿಗೂ ಅದು ಅಪಘಾತ; ಹಿಂದೆಯೇ ಬರುತ್ತಿದ್ದ ಇನ್ನೊಬ್ಬ ಸವಾರನಿಗೆ ಮಾತ್ರ ಆ ಕುದುರೆ ಆ ಬಗೆಯಲ್ಲಿ ಬೀಳತಕ್ಕದ್ದಲ್ಲವೆಂದು ಗೊತ್ತು. ಆ ‘ಬೀಳತಕ್ಕದ್ದಲ್ಲ’ ಎಂಬ ಅರಿವು ಬೆರಳಚ್ಚಿನ ಶಾಸ್ತ್ರದಿಂದ ಬಂದದ್ದಲ್ಲ, ತೊಡೆಯ ಅನುಭವದಿಂದ ಬಂದದ್ದು. ‘ಆಡ್ಸ್ ಅಗೇನ್ಸ್ಟ್’ನಲ್ಲಿ (1965) ಪಂದ್ಯದ ಬಯಲನ್ನೇ ಹಾಳುಗೆಡವಿ ಅದರ ನೆಲವನ್ನು ಕಟ್ಟಡಗಳಿಗೆ ಮಾರುವ ಸಂಚು, ಪತ್ತೆ ಮಾಡುವವನು ಕೈ ಊನವಾಗಿ ಸವಾರಿ ಕಳೆದುಕೊಂಡ ಸಿಡ್ ಹ್ಯಾಲಿ. ಮುಂದೆ ‘ವಿಪ್ ಹ್ಯಾಂಡ್’ನಲ್ಲಿ (1979) ಇದೇ ಹ್ಯಾಲಿ ಉಳಿದೊಂದು ಕೈಯೂ ಹೋದೀತೆಂಬ ಭಯದಲ್ಲಿ ಕುಗ್ಗುತ್ತಾನೆ. ಧೀರನಾದ ಪತ್ತೇದಾರ ಹೆದರುವುದನ್ನು, ಹೆದರಿದ್ದಕ್ಕೆ ನಾಚುವುದನ್ನು, ನಾಚಿಕೊಂಡೇ ಮತ್ತೆ ಕೆಲಸಕ್ಕೆ ಹೋಗುವುದನ್ನು ಈ ಕಾದಂಬರಿಯಷ್ಟು ನೇರವಾಗಿ ಹೇಳಿದ ಪತ್ತೇದಾರಿ ಕಥೆಗಳು ವಿರಳ.

ಮೇಷ್ಟರು ಕೊಟ್ಟ ‘ಫಾರ್ಫಿಟ್’ (1968) ಪತ್ರಿಕೆ ಓದುವವರು ವಿಶೇಷವಾಗಿ ಗಮನಿಸಬೇಕಾದದ್ದು. ಅಲ್ಲಿಯ ಅಪರಾಧಕ್ಕೆ ವಿಷ ಬೇಡ, ಚೂರಿ ಬೇಡ, ಹೊಗಳಿಕೆ ಸಾಕು. ದೊಡ್ಡ ಪಂದ್ಯಕ್ಕೆ ವಾರಗಳ ಮುಂಚೆಯೇ ಹಣ ಕಟ್ಟುವ ಪದ್ಧತಿಯಲ್ಲಿ, ಕುದುರೆ ಕೊನೆಗೆ ಓಡದೆ ಹೋದರೆ ಕಟ್ಟಿದ ಹಣ ಹಿಂದಕ್ಕೆ ಬಾರದು. ಆದುದರಿಂದ ಪತ್ರಿಕೆಯ ವರದಿಗಾರನನ್ನು ಹಿಡಿತದಲ್ಲಿಟ್ಟುಕೊಂಡು ಒಂದು ಕುದುರೆಯನ್ನು ಹಾಡಿ ಹೊಗಳಿಸುವುದು; ಜನರು ಹಣ ಸುರಿದ ಮೇಲೆ ಒಡೆಯನನ್ನು ಬೆದರಿಸಿ ಅದು ಓಡದಂತೆ ಮಾಡುವುದು. ಪತ್ತೆ ಮಾಡಹೊರಟ ಇನ್ನೊಬ್ಬ ಪತ್ರಕರ್ತನ ಹೆಂಡತಿ ಪೋಲಿಯೋದಿಂದ ಮಲಗಿದವಳು, ಉಸಿರಿಗೆ ಯಂತ್ರವನ್ನು ನೆಚ್ಚಿದವಳು. ದುಷ್ಟರ ಕೈ ಮೊದಲು ಹೋಗುವುದು ಆ ಯಂತ್ರದ ಕಡೆಗೆ. ಇಲ್ಲಿ ಕಥೆಯ ಕೌತುಕವೂ ಗೃಹಸ್ಥನ ಸಂಕಟವೂ ಒಂದೇ ಹಗ್ಗದ ಎರಡು ಎಳೆಗಳಾಗಿವೆ. ಇಂಥದನ್ನು ಕಾಲಹರಣದ ಸಾಹಿತ್ಯವೆಂದು ತಳ್ಳಿಹಾಕುವ ಪಂಡಿತರು ಒಮ್ಮೆ ಓದಿ ನೋಡಿ ಆಮೇಲೆ ತಳ್ಳಲಿ.

ಈ ಕಾದಂಬರಿಗಳನ್ನು ಓದುವಾಗ ಕನ್ನಡ ಪಾಠ ಹೇಳುವ ನನ್ನಂಥವನಿಗೆ ನಳನ ಕಥೆ ನೆನಪಾಗುವುದು ಸಹಜ. ಮಹಾಭಾರತದ ವನಪರ್ವದಲ್ಲಿ ಬರುವ, ನಮ್ಮ ಕನಕದಾಸರು ಭಾಮಿನೀ ಷಟ್ಪದಿಯಲ್ಲಿ ‘ನಳಚರಿತ್ರೆ’ಯಾಗಿ ಹಾಡಿದ ಕಥೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು, ರೂಪಗೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗುತ್ತಾನೆ. ಅವನಿಗೆ ಗೊತ್ತಿದ್ದದ್ದು ಅಶ್ವಹೃದಯ, ಎಂದರೆ ಕುದುರೆಯ ಅಂತರಂಗ. ಋತುಪರ್ಣನಿಗೆ ಗೊತ್ತಿದ್ದದ್ದು ಅಕ್ಷಹೃದಯ, ಎಂದರೆ ದಾಳದ ಅಂತರಂಗ, ಎಣಿಕೆಯ ವಿದ್ಯೆ. ರಥ ಓಡುತ್ತಿರುವಾಗಲೇ ಋತುಪರ್ಣ ದಾರಿಯ ತಾರೆಮರವೊಂದರ ಎಲೆಕಾಯಿಗಳ ಲೆಕ್ಕವನ್ನು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡಿ ಬೆರಗಾಗುತ್ತಾನೆ. ಇಬ್ಬರೂ ತಮ್ಮ ವಿದ್ಯೆಗಳ ವಿನಿಮಯಕ್ಕೆ ಒಪ್ಪುತ್ತಾರೆ. ಅಕ್ಷಹೃದಯ ತಿಳಿದ ಕ್ಷಣವೇ ನಳನ ಮೈಯಿಂದ ಕಲಿ ಹೊರಬಿದ್ದು ಆ ಮರವನ್ನು ಹೊಗುತ್ತಾನೆ. ನಮ್ಮ ಲಕ್ಕವಳ್ಳಿಯ ಕಾಡಿನಲ್ಲಿ ಇಂದಿಗೂ ಬೆಳೆಯುವ ತಾರೆಯ ಕಾಯಿಯೇ ಹಿಂದಿನವರ ದಾಳವಾಗಿತ್ತೆಂಬುದನ್ನು ನೆನೆದರೆ ಕವಿಯ ಜಾಣ್ಮೆ ತಿಳಿಯುತ್ತದೆ.

ಈ ಕಥೆಯಲ್ಲಿ ಪತ್ತೇದಾರಿಯೂ ಇದೆ. ಪತ್ತೇದಾರಳು ದಮಯಂತಿ. ಅವಳು ಗಂಡನಿಗಷ್ಟೇ ಅರ್ಥವಾಗುವ ಮಾತೊಂದನ್ನು ಬ್ರಾಹ್ಮಣರ ಬಾಯಲ್ಲಿಟ್ಟು ದೇಶದೇಶಕ್ಕೆ ಕಳಿಸುತ್ತಾಳೆ. ಪರ್ಣಾದನೆಂಬವನು ಉತ್ತರ ತಂದಾಗ, ಮರುದಿನವೇ ತನ್ನ ಎರಡನೆಯ ಸ್ವಯಂವರವೆಂಬ ಸುಳ್ಳು ಸುದ್ದಿಯನ್ನು ಅಯೋಧ್ಯೆಗೆ ಮುಟ್ಟಿಸುತ್ತಾಳೆ. ಅಷ್ಟು ದೂರವನ್ನು ಒಂದೇ ದಿನದಲ್ಲಿ ಓಡಿಸಬಲ್ಲ ಸಾರಥಿ ಲೋಕದಲ್ಲಿ ಒಬ್ಬನೇ ಎಂಬುದು ಅವಳ ತರ್ಕ. ರಥ ಬಂದ ಮೇಲೆಯೂ ಅವಸರಪಡದೆ, ದಾಸಿ ಕೇಶಿನಿಯನ್ನು ಕಳಿಸಿ ಬಾಹುಕನ ನಡೆ, ಅಡಿಗೆ, ಕೊನೆಗೆ ಮಕ್ಕಳನ್ನು ಕಂಡಾಗಿನ ಕಣ್ಣೀರು, ಒಂದೊಂದನ್ನೂ ಪರೀಕ್ಷಿಸಿ ನಿರ್ಣಯಕ್ಕೆ ಬರುತ್ತಾಳೆ. ಹೋಮ್ಸನಿಗೆ ಇದಕ್ಕಿಂತ ಹೆಚ್ಚಿನ ಕ್ರಮ ತಿಳಿದಿತ್ತೆ?

ಕುದುರೆ ಪಂದ್ಯದ ಕಾದಂಬರಿಗಳನ್ನು ಅಳೆಯಲು ಇದೇ ಕಥೆ ಒಂದು ಅಳತೆಗೋಲನ್ನೂ ಕೊಡುತ್ತದೆ. ಪಂದ್ಯದ ಬಯಲು ಎಂದರೆ ಅಶ್ವಹೃದಯವೂ ಅಕ್ಷಹೃದಯವೂ ಒಂದೇ ಕಡೆ ಸೇರುವ ಸ್ಥಳ. ಒಂದು ಕಡೆ ಪ್ರಾಣಿಯನ್ನು ಬಲ್ಲವರು, ಇನ್ನೊಂದು ಕಡೆ ಹಣವನ್ನು ಎಣಿಸುವವರು. ಎಣಿಸುವವನು ಪ್ರಾಣಿಯ ಕಾಲನ್ನು ಹಿಡಿದೆಳೆದಾಗ ಅಪರಾಧ ಹುಟ್ಟುತ್ತದೆ. ಡಾಯ್ಲ್‌ರ ತರಬೇತುಗಾರನಿಂದ ಹಿಡಿದು ಫ್ರಾನ್ಸಿಸ್‌ರ ಖಳರವರೆಗೆ ಎಲ್ಲರದೂ ಇದೇ ಪಾಪ. ಈ ಸಂಘರ್ಷವನ್ನು ಕಾಣಿಸಿದ ಕಾದಂಬರಿ ಗೆಲ್ಲುತ್ತದೆ. ಪಂದ್ಯದ ಬಯಲನ್ನು ಬರಿಯ ಪರದೆಯಂತೆ ಹಿಂದೆ ತೂಗುಬಿಟ್ಟು ಮುಂದೆ ಗುಂಡು ಹಾರಿಸುವ ಕಾದಂಬರಿ ಸೋಲುತ್ತದೆ.

ಅಶ್ವವಿದ್ಯೆ ಕನ್ನಡಕ್ಕೆ ಹೊಸದೇನೂ ಅಲ್ಲ. ಅಭಿನವಚಂದ್ರ, ಪದ್ಮಣಪಂಡಿತ ಮೊದಲಾದವರು ಕುದುರೆಯ ಲಕ್ಷಣ ಚಿಕಿತ್ಸೆಗಳನ್ನು ಕನ್ನಡದಲ್ಲಿಯೇ ಬರೆದಿಟ್ಟರು. ಇನ್ನು ನಮ್ಮ ಸೀಮೆಯ ಮಾತಿಗೆ ಬಂದರೆ, ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ ಒಂದು ಕುದುರೆಯ ಬೆನ್ನಟ್ಟಿದ ಕಾವ್ಯವೇ. ಭದ್ರಾವತಿಯಲ್ಲಿ ಯೌವನಾಶ್ವನ ಕಾವಲಿನಲ್ಲಿದ್ದ ಕುದುರೆಯನ್ನು ಘಟೋತ್ಕಚನ ಮಗ ಮೇಘನಾದ ಮಾಯೆಯಿಂದ ಎತ್ತಿಕೊಂಡು ಹೋಗುವುದರಿಂದ ಕಥೆ ಮೊದಲಾಗುತ್ತದೆ. ಅಲ್ಲಿಂದ ಮುಂದೆ ಕುದುರೆ ಹೋದ ಕಡೆಯಲ್ಲೆಲ್ಲ ಅದನ್ನು ಕಟ್ಟುವವರು, ಬಿಡಿಸುವವರು. ಅದೇ ಕಾವ್ಯದ ಚಂದ್ರಹಾಸನ ಪ್ರಸಂಗವನ್ನು ನೋಡಿ. ಮಂತ್ರಿ ದುಷ್ಟಬುದ್ಧಿ ಹುಡುಗನ ಕೈಯಲ್ಲಿಯೇ ಅವನ ಕೊಲೆಯ ಓಲೆಯನ್ನು ಕೊಟ್ಟು ಕಳಿಸುತ್ತಾನೆ. ಮಂತ್ರಿಯ ಮಗಳು ವಿಷಯೆ, ಮಲಗಿದವನ ಬಳಿಯ ಓಲೆಯನ್ನು ಓದಿ, ಕಣ್ಣ ಕಾಡಿಗೆಯಿಂದ ಒಂದಕ್ಷರ ತಿದ್ದಿ, ‘ವಿಷ’ವನ್ನು ‘ವಿಷಯೆ’ಯಾಗಿಸುತ್ತಾಳೆ. ಸಾವಿನ ಓಲೆ ಮದುವೆಯ ಓಲೆಯಾಗುತ್ತದೆ. ಮಂತ್ರಿ ಬಿಡದೆ ಚಂಡಿಕೆಯ ಗುಡಿಯಲ್ಲಿ ಇನ್ನೊಮ್ಮೆ ಕೊಲೆಗಾರರನ್ನು ನಿಲ್ಲಿಸಿದರೆ, ಅಳಿಯನ ಬದಲು ಅವನ ಸ್ವಂತ ಮಗನೇ ಅಲ್ಲಿಗೆ ಹೋಗಿ ಬೀಳುತ್ತಾನೆ. ಕಳ್ಳತನ, ಕೊಲೆಯ ಸಂಚು, ತಿದ್ದಿದ ದಾಖಲೆ, ಆಳು ಬದಲಾದ ಕೊಲೆ, ಇವನ್ನೆಲ್ಲ ಗಮಕಿಗಳ ಬಾಯಲ್ಲಿ ಕೇಳಿ ನಮ್ಮ ಹಿರಿಯರು ತಲೆದೂಗಿದರು. ಕಾಲೇಜಿನಲ್ಲಿ ನಾನು ಇದನ್ನೇ ಪಠ್ಯವಾಗಿ ಪಾಠ ಹೇಳುತ್ತೇನೆ. ಹಾಗಿದ್ದ ಮೇಲೆ ಪತ್ತೇದಾರಿ ಎಂಬ ಹೆಸರು ಕೇಳಿದೊಡನೆ ಮೂಗು ಮುರಿಯುವುದು ಯಾವ ನ್ಯಾಯ?

ಹೊಸಗನ್ನಡದಲ್ಲಿ ಪತ್ತೇದಾರಿ ಕಾದಂಬರಿಗೆ ಓದುಗರ ಬರವಿರಲಿಲ್ಲ. ಶಾಲೆಯ ವಿದ್ಯೆ ಹೆಚ್ಚು ದೊರೆಯದಿದ್ದರೂ ಎನ್. ನರಸಿಂಹಯ್ಯನವರು ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಂದಾಗಿಯೇ ಕನ್ನಡ ಓದುವ ಚಟ ಹತ್ತಿಸಿಕೊಂಡವರು ನಮ್ಮ ಊರುಗಳಲ್ಲಿ ಅನೇಕರು. ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಆ ಪ್ರತಿಗಳ ಅಂಚುಗಳು ಎಣ್ಣೆಗೈಗಳಿಂದ ಕಪ್ಪಾಗಿರುತ್ತಿದ್ದವು. 1972ರಲ್ಲಿ ಚಲನಚಿತ್ರವಾದ ‘ಬಂಗಾರದ ಮನುಷ್ಯ’ದ ಕರ್ತೃ ಟಿ. ಕೆ. ರಾಮರಾಯರು ಪತ್ತೇದಾರಿ ಕಥೆಯನ್ನು ಸಂಸಾರದ ಕಥೆಯ ಹತ್ತಿರಕ್ಕೆ ತಂದವರು. ಇವರ ಉಪಕಾರವನ್ನು ಮರೆಯಬಾರದು. ಆದರೂ ಒಂದು ಕೊರತೆಯನ್ನು ಹೇಳದೆ ಇರಲಾರೆ. ನಮ್ಮ ಬಹುಪಾಲು ಪತ್ತೇದಾರಿಗಳಲ್ಲಿ ಕೊಲೆ ಎಲ್ಲಿ ಬೇಕಾದರೂ ನಡೆಯಬಹುದು. ಹೋಟೆಲಿನ ಕೋಣೆಯನ್ನು ತೆಗೆದು ಬಂಗಲೆಯನ್ನಿಟ್ಟರೂ ಕಥೆಗೆ ಊನವಿಲ್ಲ. ಸತ್ತವನ ಕಸುಬು ಯಾವುದೆಂದು ಕೇಳಿದರೆ ‘ಶ್ರೀಮಂತ’ ಎಂಬ ಉತ್ತರ ದೊರೆಯುತ್ತದೆ. ಶ್ರೀಮಂತಿಕೆ ಒಂದು ಕಸುಬೆ?

ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಕುದುರೆ ಪಂದ್ಯ ಬಹುಕಾಲದಿಂದ ನಡೆದುಬಂದಿದೆ. ಕುಣಿಗಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಷ್ಟು ಹಳೆಯದು. ಹೀಗಿದ್ದೂ ಆ ಲೋಕವನ್ನು ಒಳಗಿನಿಂದ ಕಂಡು ಬರೆದ ಪತ್ತೇದಾರಿ ಕಾದಂಬರಿಯೊಂದು ಕನ್ನಡದ ಓದುಗರ ನಾಲಗೆಯ ಮೇಲೆ ನೆಲೆನಿಂತಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಪಂದ್ಯದ ಬಯಲು ದೊರೆಗಳ ಮತ್ತು ದಂಡಿನ ಅಧಿಕಾರಿಗಳ ವಿನೋದವಾಗಿ ಬೆಳೆದದ್ದು. ಅದರ ಕಾಗದಪತ್ರದ ಭಾಷೆ ಇಂಗ್ಲಿಷು. ಕನ್ನಡ ಲೇಖಕ ಅಲ್ಲಿಗೆ ಹೋದರೆ ಟಿಕೆಟು ಕೊಂಡು ಹೋದವನು. ಅವನಿಗೂ ಕಂಡದ್ದು ಬಾಲವೇ.

ಕಸುಬಿನೊಳಗಿನಿಂದ ಅಪರಾಧದ ಕಥೆಯನ್ನು ಕನ್ನಡದಲ್ಲಿ ಬರೆಯಲಾಗದೆಂದು ಯಾರಾದರೂ ಹೇಳಿದರೆ, ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994) ಹೆಸರಿನಲ್ಲಿಯೇ ಜೂಜನ್ನು ಹೊತ್ತಿದೆ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ದಂಪತಿಗಳ ಒಂದು ದಿನದ ಅಲೆದಾಟದಲ್ಲಿ ಕಾಡಿನ ಕಳ್ಳವ್ಯಾಪಾರ, ಕೆಂಪು ಹರಳಿನ ಆಸೆ, ಹಳೆಯ ಕಾವ್ಯದ ಒಗಟು ಎಲ್ಲ ಹೆಣೆದುಕೊಳ್ಳುತ್ತವೆ. ಏಲಕ್ಕಿಯನ್ನು ತೆಗೆದು ಬೇರೊಂದನ್ನಿಟ್ಟರೆ ಆ ಕಥೆ ನಿಲ್ಲಲಾರದು. ಬೆಳೆದವನ ಬೆವರಿಗೂ ಮಾರುಕಟ್ಟೆಯ ಎಣಿಕೆಗೂ ನಡುವೆ ಏನೇನು ನಡೆಯುತ್ತದೆಂಬುದೇ ಅದರ ಮರ್ಮ. ಫ್ರಾನ್ಸಿಸ್ ಕುದುರೆಯಿಂದ ಮಾಡಿದ್ದನ್ನು ತೇಜಸ್ವಿ ಏಲಕ್ಕಿಯಿಂದ ಮಾಡಿದರು. ಅಷ್ಟೇ ಅಲ್ಲ, ಸೋಲುವವನ ಪಕ್ಕದಲ್ಲಿ ನಿಂತು ಮಾಡಿದರು.

ನಾನು ಮೊದಲು ಎತ್ತಿದ ಪ್ರಶ್ನೆಗೆ ಇಲ್ಲಿ ಹಿಂದಿರುಗಬೇಕು. ಫ್ರಾನ್ಸಿಸ್‌ರ ಕಾದಂಬರಿಗಳ ದೋಷಗಳನ್ನು ಪಟ್ಟಿ ಮಾಡುವುದು ಸುಲಭ. ನಾಯಕರೆಲ್ಲ ಹೆಸರು ಬದಲಾದ ಒಬ್ಬನೇ: ಮಿತಭಾಷಿ, ಸಭ್ಯ, ಏಟು ತಿನ್ನುವುದರಲ್ಲಿ ಗಟ್ಟಿ. ಪುಸ್ತಕದ ಮುಕ್ಕಾಲು ಭಾಗದಲ್ಲಿ ಅವನನ್ನು ಯಾರಾದರೂ ಕಟ್ಟಿಹಾಕಿ ಬಡಿಯದೆ ಇರುವುದಿಲ್ಲ. ಖಳ ಹಲವೊಮ್ಮೆ ಹುಟ್ಟಾ ಕ್ರೂರಿಯೆಂಬುದಕ್ಕಿಂತ ಹೆಚ್ಚಿನ ಕಾರಣ ಸಿಕ್ಕುವುದಿಲ್ಲ. ಇವು ಸಣ್ಣ ದೋಷಗಳು, ಕ್ಷಮಿಸಬಹುದು. ದೊಡ್ಡ ಕೊರತೆ ಬೇರೆ ಇದೆ. ಆ ನಲವತ್ತು ಚಿಲ್ಲರೆ ಕಾದಂಬರಿಗಳ ಲೋಕ ಲಾಯದಿಂದ ಗೆಲುವಿನ ಕಂಬದವರೆಗೆ ಹರಡಿದೆ; ಕಂಬದ ಆಚೆ ನಿಂತ ಸಾವಿರಾರು ಜನ ಅದರಲ್ಲಿ ಬರಿಯ ಸದ್ದು. ಡೆವನ್ ಲಾಕ್ ಬಿದ್ದಾಗ ಕುದುರೆಯನ್ನು ಬೆದರಿಸಿದ ಆ ಕೂಗು ಯಾರದು? ತಿಂಗಳ ಸಂಬಳ ಕಟ್ಟಿದವನೂ ಅದರಲ್ಲಿ ಕೂಗಿರಬೇಕು. ‘ಫಾರ್ಫಿಟ್’ನಲ್ಲಿ ಮೋಸಹೋದವರು ಹಣ ಕಟ್ಟಿದ ಜನರು. ಆದರೂ ಕಥೆಯ ಕಣ್ಣೀರೆಲ್ಲ ಪತ್ರಕರ್ತನ ಮನೆಯಲ್ಲಿಯೇ ಹರಿಯುತ್ತದೆ, ಆ ಜನರ ಮನೆಯ ಬಾಗಿಲನ್ನು ಲೇಖಕರು ತಟ್ಟುವುದಿಲ್ಲ. ಸವಾರನ ಕಣ್ಣಿಗೆ ಪ್ರೇಕ್ಷಕರ ಮುಖ ಕಾಣದು. ಅದು ಅವನ ತಪ್ಪಲ್ಲ, ಅವನು ಕುಳಿತ ಜಾಗದ ಮಿತಿ.

ನಮ್ಮ ಪ್ರಾಚೀನರು ಈ ಬಾಗಿಲನ್ನು ತಟ್ಟಿದ್ದರು. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಮಾತಾಡುವವನು ಸೋತ ಜೂಜುಗಾರನೇ. ಹೆಂಡತಿ ದೂರವಾದದ್ದು, ಹೆತ್ತವರು ಅವನನ್ನು ನಮ್ಮವನಲ್ಲ ಎಂದದ್ದು, ಇನ್ನು ಆಡೆನೆಂದು ನಿಶ್ಚಯಿಸಿಯೂ ದಾಳದ ಸದ್ದು ಕೇಳಿದೊಡನೆ ಕಾಲು ಅತ್ತ ನಡೆದದ್ದು, ಎಲ್ಲವೂ ಅವನ ಬಾಯಿಂದಲೇ ಬರುತ್ತವೆ. ಕೊನೆಗೆ ದೊರೆಯುವ ಬುದ್ಧಿವಾದ, ಹೊಲ ಉಳು ಎಂಬುದು. ಮೂರು ಸಾವಿರ ವರ್ಷದ ಆ ಮಾತು ಕಡೂರಿನ ಜಗಲಿಯಲ್ಲಿ ಇಂದು ಹೇಳಿದಂತಿದೆ.

ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಕುದುರೆ ಪಂದ್ಯವು ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಪು ಕೊಟ್ಟಿತು. ಕುದುರೆಯ ವಂಶ, ಸವಾರನ ಯೋಗ್ಯತೆ, ಹೊರುವ ತೂಕ, ಓಟದ ದೂರ, ಇವನ್ನೆಲ್ಲ ತಿಳಿದು ತೂಗಿ ಹಣ ಕಟ್ಟುವುದು ಕೇವಲ ಅದೃಷ್ಟವಲ್ಲವೆಂದು ಅದರ ತಾತ್ಪರ್ಯ. ಮೇಷ್ಟರು ಬದುಕಿನುದ್ದಕ್ಕೂ ಹೇಳಿದ್ದೂ ಅದನ್ನೇ. ಅವರ ರೇಸ್ ಪುಸ್ತಕದ ಪೆನ್ಸಿಲ್ ಗುರುತುಗಳನ್ನು ನಾನು ನೋಡಿದ್ದೇನೆ. ಒಬ್ಬ ಸಂಶೋಧಕ ಪಾಠಾಂತರಗಳನ್ನು ಗುರುತಿಸುವಷ್ಟು ಶ್ರದ್ಧೆ ಅಲ್ಲಿತ್ತು. ಅವರ ಹೆಂಡತಿಯ ಲೆಕ್ಕದ ಪುಸ್ತಕ ಬೇರೆ, ಅದರಲ್ಲಿ ಹಾಲಿನವನ ಬಾಕಿ, ಅಂಗಡಿಯ ಬಾಕಿ. ಒಂದರಲ್ಲಿ ಕೌಶಲವಾಗಿದ್ದದ್ದು ಇನ್ನೊಂದರಲ್ಲಿ ಸಾಲವಾಗಿತ್ತು. ಅಕ್ಷಹೃದಯ ದೊರೆತೊಡನೆ ನಳನಿಂದ ಕಲಿ ಇಳಿದು ಹೋದ. ಮೇಷ್ಟರಿಗೆ ಅಕ್ಷಹೃದಯ ದೊರೆತಂತೆ ತೋರಿದ್ದೇ ಕಲಿಯ ಮಾಯೆಯಾಗಿತ್ತು. ಈ ಎರಡು ಪುಸ್ತಕಗಳ ನಡುವಿನ ಮರ್ಮವನ್ನು ಯಾವ ಇಂಗ್ಲಿಷ್ ಪತ್ತೇದಾರನೂ ಬಿಡಿಸಿಲ್ಲ.

ಕನ್ನಡದಲ್ಲಿ ಕುದುರೆ ಪಂದ್ಯದ ಪತ್ತೇದಾರಿ ಬರೆಯಹೊರಡುವವರು ಫ್ರಾನ್ಸಿಸ್‌ರಿಂದ ಕಲಿಯಬೇಕಾದದ್ದು ಕಥೆಯನ್ನಲ್ಲ, ಕ್ರಮವನ್ನು. ಅಪರಾಧ ಕಸುಬಿನಿಂದ ಹುಟ್ಟಲಿ. ಅದನ್ನು ಕಂಡುಹಿಡಿಯುವವನು ಆ ಕಸುಬನ್ನು ಬಲ್ಲವನಾಗಿರಲಿ. ಅಶ್ವಹೃದಯವನ್ನು ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ, ಬೆಂಗಳೂರಿಗೂ ಹೋಗಬೇಕಾಗಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿ ಫಿರಂಗಿ ಎಳೆದವು. ಅದೇ ತಳಿಯನ್ನು ಇಂದು ಅಜ್ಜಂಪುರದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಆ ಹೋರಿಗರುಗಳು ಹರಾಜಿಗೆ ಬಂದಾಗ ರೈತರ ಕಣ್ಣುಗಳನ್ನು ನೋಡಬೇಕು. ಸುಳಿ ನೋಡುವವರು, ಗೊರಸು ನೋಡುವವರು, ಬೆನ್ನಿನ ಮೇಲೆ ಕೈಯಿಟ್ಟು ಚರ್ಮ ಅದುರುವುದನ್ನು ನೋಡುವವರು. ಪಕ್ಕದಲ್ಲಿಯೇ ಬೆಲೆ ಕೂಗುವವನ ಎಣಿಕೆ. ಎರಡು ಹೃದಯಗಳೂ ಅಲ್ಲಿ ಒಂದೇ ಹಗ್ಗದ ಎರಡು ತುದಿಯಲ್ಲಿ ನಿಂತಿರುತ್ತವೆ. ಅಂಥ ಕಣ್ಣುಳ್ಳವನೊಬ್ಬ ಪಂದ್ಯದ ಬಯಲಿಗೆ ಹೋಗಿ ಲಾಯವನ್ನೂ ನೋಡಲಿ, ಕಂಬದ ಆಚೆಯ ಗುಂಪನ್ನೂ ನೋಡಲಿ. ಆಮೇಲೆ ಬರೆಯಲಿ.

ಆ ಕಾದಂಬರಿ ಶನಿವಾರ ಸಂಜೆ ಬೀರೂರಿನ ನಿಲ್ದಾಣದಲ್ಲಿ ಆರಂಭವಾದರೆ ಚೆನ್ನು. ಅದನ್ನು ಮೇಷ್ಟರು ಓದಲಾರರು. ತರೀಕೆರೆಯಲ್ಲಿ ಅವರ ಮಕ್ಕಳಿದ್ದಾರೆ, ಅವರು ಓದಿಯಾರು.